ತರಕರಡಿ ಕಂಡ ಜಾಗಗಳು

ಕುರುಗೋಡು,
ಜಯನಾಮ ಸಂವತ್ಸರದ ಫಾಲ್ಗುಣ ಶುದ್ಧ ದಶಮಿ, ೧೮೯೫ನೇ ಇಸವಿ

ಅಕ್ಕರೆಯ ತಂಗಿ ತುಳಸಿಗೆ ಅಣ್ಣ ಅನಂತನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ನೀನು ಹೇಗಿದ್ದೀಯ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಎಲೆಯ ಮುಂದೆ ಸುಮ್ಮನೆ ಕೂತು ಏಳುತ್ತೀಯೋ? ಬಳ್ಳಾರಿಯಲ್ಲಿ ಬಿಸಿಲು ಈಗಲೇ ಜೋರಾಗಿದೆಯಂತೆ, ಮಧ್ಯಾಹ್ನ ಬಾವಿಯ ಕಡೆ ಹೋಗಬೇಡ. ನಿಮ್ಮ ಅತ್ತೆಯವರ ಮಂಡಿನೋವಿಗೆಂದು ನಿನ್ನ ಅತ್ತಿಗೆ ಎಣ್ಣೆ ಕಾಯಿಸಿ ಸೀಸೆಗೆ ತುಂಬಿದ್ದಾಳೆ. ಬಂಡಿ ಹೊಡೆಯುವ ಜಂಬಣ್ಣ ನಾಳೆ ಬಳ್ಳಾರಿಗೆ ಜೋಳ ಹೇರಿಕೊಂಡು ಬರುತ್ತಾನೆ, ಅವನ ಕೈಲೇ ಸೀಸೆಯನ್ನೂ ಈ ಕಾಗದವನ್ನೂ ಕಳಿಸುತ್ತೇನೆ.

ನಿನ್ನ ಪತ್ರ ತಲುಪಿತು. ನಾನೇ ತಿದ್ದಿಸಿದ ಅಕ್ಷರ, ಆದರೂ ಸಾಲುಗಳೆಲ್ಲ ಒಂದು ಕಡೆಗೆ ವಾಲಿವೆ. ನಾನು ಕಲಿಸುವ ಸಾಲಿಯ ಮಕ್ಕಳು ಹೀಗೆ ಬರೆದರೆ ಕಿವಿ ಹಿಂಡುತ್ತೇನೆ. ನಿನಗೂ ನಾಲ್ಕು ಮಾತು ಬರೆಯೋಣ ಎಂದುಕೊಂಡವನು ಎರಡನೆಯ ಸಾಲು ಓದಿ ಅದನ್ನು ಬಿಟ್ಟೆ. ತರಕರಡಿ ಎಲ್ಲಿ ಕಂಡಿತು, ಯಾವಾಗ ಕಂಡಿತು, ವಿಚಾರಿಸಿ ಬರೆ ಎಂದಿದ್ದೀಯ. ಅಮ್ಮ ನಿನಗೆಂದು ತೆಗೆದಿಟ್ಟು ಹೋದ ಬೀಸುವ ಕಲ್ಲನ್ನು ಕಳಿಸು ಎಂದಿದ್ದೀಯ. ಅಷ್ಟೇ ಪತ್ರ. ಈ ವರ್ಷ ಅದು ನಮ್ಮ ಸೀಮೆಯಲ್ಲಿ ಹೂಳಿದ್ದನ್ನೆಲ್ಲ ಕೆದರುತ್ತಾ ತಿರುಗುತ್ತಿದೆ ಎಂದು ನಿನಗೆ ಹೇಳಿದವಳು ಬಳೆ ಮಾರುವ ಹೊನ್ನೂರಮ್ಮ ತಾನೇ? ಅವಳು ಬಳೆ ತೊಡಿಸಿ ಸುಮ್ಮನೆ ಹೋಗಬಾರದಿತ್ತೇ?

ಮೂರು ತಿಂಗಳ ಹಿಂದೆ, ಹುಟ್ಟಿದ ಒಂಬತ್ತನೆಯ ದಿನ, ಹೆಸರಿಡುವ ಮುಂಚೆಯೇ ಹೋದ ನಿನ್ನ ಕೂಸನ್ನು ಗುಡ್ಡದ ಬುಡಕ್ಕೆ ಎತ್ತಿಕೊಂಡು ಹೋದವನು ನಾನು. ಹಾಲುಗೂಸನ್ನು ಸುಡುವುದಿಲ್ಲ, ಮಣ್ಣಿಗೇ ಕೊಡಬೇಕು. ಒದ್ದೆ ಪಂಚೆಯಲ್ಲಿ ಅಂಗಳಕ್ಕೆ ಬಂದು ನಿಂತಾಗ ನೀನು ಬಾಣಂತಿ ಕೋಣೆಯಿಂದಲೇ ಕೇಳಿದೆ, ಎಷ್ಟು ಆಳ ಅಗೆದೆ ಅಣ್ಣಾ ಎಂದು. ಎದೆಮಟ್ಟ ಎಂದು ಹೇಳಿದೆ. ನಿನಗೆ ನೆನಪಿದ್ದೀತು.

ನಿನ್ನ ಕಾಗದ ಬಂದ ನಾಲ್ಕು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪರೀಕ್ಷೆಯ ನೆಪ ಹೇಳಿಕೊಂಡು ತೆಕ್ಕಲಕೋಟೆಗೂ ಸಿರುಗುಪ್ಪಕ್ಕೂ ಹೋಗಿ ಸಿಕ್ಕವರನ್ನೆಲ್ಲ ಕೇಳಿದೆ. ಸಾಲಿಯ ಪಂತುಲುಗಾರಿಗೆ ಬಿಸಿಲು ನೆತ್ತಿಗೇರಿದೆ ಎಂದು ಅವರು ನಕ್ಕಿರಬೇಕು. ತೆಕ್ಕಲಕೋಟೆಯ ಗುಡ್ಡದಲ್ಲಿ ದೀಪಾವಳಿ ಕಳೆದ ಮೇಲೆ ಎರಡು ಸಲ ಕಂಡಿದೆ, ಎರಡು ಸಲವೂ ಬೆಳಕು ಹರಿಯುವ ಹೊತ್ತಿಗೆ. ಸಿರುಗುಪ್ಪದ ಕಾಲುವೆ ಏರಿಯ ಮೇಲೆ ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಸಲ. ರಾರಾವಿಯಲ್ಲಿ ಹೊಳೆದಂಡೆಯ ಮರದ ಜೇನು ಕೆಡವಿ ತಿಂದಿತಂತೆ, ನೋಡಿದವನು ಕಲ್ಲು ಬೀರಿದರೂ ತಿಂದು ಮುಗಿಸಿಯೇ ಹೋಯಿತಂತೆ. ನಾಯಿಗಿಂತ ಗಿಡ್ಡ, ಬೆನ್ನೆಲ್ಲ ಹಳೇ ಕಂಬಳಿಯ ಬೂದು ಬಣ್ಣ, ಹೊಟ್ಟೆ ಕಪ್ಪು. ಮುಸಲ್ಮಾನರು ಬಿಜ್ಜು ಎನ್ನುವುದು ಇದನ್ನೇ. ಇಲಿ, ಹಾವು, ಜೇನು ತಿಂದು ಬದುಕುವ ಪ್ರಾಣಿ, ಜನ ಇಲ್ಲದ್ದನ್ನು ಸೇರಿಸಿ ಹೇಳುತ್ತಾರೆ.

ಈ ಕಾಗದ ಬರೆಯುತ್ತಾ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ನಿನ್ನ ಅತ್ತಿಗೆ ಏನಾಗಿದೆ ನಿಮಗೆ ಎಂದು ಬೈಯುತ್ತಿದ್ದಾಳೆ. ಕುರುಗೋಡಿನ ಗುಡ್ಡದ ಕಡೆ ಅದನ್ನು ಕಂಡವರು ಯಾರೂ ಇಲ್ಲ, ನಿಶ್ಚಿಂತೆಯಾಗಿರು. ಬೀಸುವ ಕಲ್ಲನ್ನು ಈ ಸಲ ಕಳಿಸಲಾಗುತ್ತಿಲ್ಲ. ಒಲೆಗೆ ಕುಳ್ಳು ತಂದು ಹಾಕುವ ಹಂಪಕ್ಕ ನಿನ್ನನ್ನು ಕೇಳಿದಳು.

ಭಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಮಡಿಲು ಮತ್ತೆ ತುಂಬಲಿ, ರಾಯರು ಕಾಯಲಿ.

ನಿನ್ನ ಅಣ್ಣ,
ಅನಂತ

ತಾ. ಕ.: ಆ ಕಾಗದವನ್ನು ಭಾವನವರು ಮನೆಮಂದಿಗೆಲ್ಲ ಓದಿ ಹೇಳಲಿ. ಈ ಚೀಟಿ ನಿನಗೊಬ್ಬಳಿಗೆ, ಎಣ್ಣೆ ಸೀಸೆಗೆ ಸುತ್ತಿದ ಬಟ್ಟೆಯೊಳಗೆ ಇಟ್ಟಿದ್ದೇನೆ. ಜಂಬಣ್ಣ ಎತ್ತು ಕಟ್ಟಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನು ಹೇಳಿದ್ದು ಸುಳ್ಳು, ತುಳಸಿ. ನೆಲ ಕಲ್ಲಿನಂತಿತ್ತು, ಅಗೆದದ್ದು ಮೊಣಕಾಲುದ್ದ ಮಾತ್ರ. ಮೇಲೆ ಕಲ್ಲು ಹೇರುವುದು ವಾಡಿಕೆ, ಅದನ್ನೂ ಮಾಡಲಿಲ್ಲ. ತಿರುಗಿ ನೋಡಬಾರದೆಂಬ ನೇಮ ಅವತ್ತು ನನಗೆ ಅನುಕೂಲವಾಯಿತು. ನಿನ್ನೆ ಬೆಳಿಗ್ಗೆ ನೇಮ ಮುರಿದು ಹೋಗಿ ನೋಡಿದೆ. ಅದು ಇಲ್ಲಿಗೂ ಬಂದಿದೆ. ಸುತ್ತಲೂ ಉಗುರಿನಿಂದ ಕೆರೆದಿದೆ. ಆದರೆ ಕೂಸಿನ ಮೇಲೆ ಬೀಸುವ ಕಲ್ಲಿನ ಎರಡು ಹೋಳುಗಳು ಒತ್ತಾಗಿ ಕೂತಿವೆ, ಅವುಗಳ ಕೆಳಗೆ ಅದರ ಉಗುರು ಹೋಗಿಲ್ಲ. ಕೂಸು ಇಟ್ಟಲ್ಲೇ ಇದೆ. ಆ ಕಲ್ಲು ಹಂಪಕ್ಕನದು. ಮೂರು ತಿಂಗಳಿಂದ ಅವಳು ಜೋಳದ ಬುಟ್ಟಿ ಹೊತ್ತು ಕಂಡವರ ಮನೆಗೆ ಬೀಸಲು ಹೋಗುತ್ತಿದ್ದುದು ಯಾಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಕೇಳಿದರೆ ತಲೆ ಎತ್ತದೆ ಹೇಳಿದಳು: "ನೀವು ಹೋದ ಮ್ಯಾಲ ನೋಡಿದ್ನಿರಿ, ಸ್ವಾಮಿ. ಕುಣಿ ಭಾಳ ಆಳ ಇದ್ದಿಲ್ಲ. ನನ್ನ ಕೂಸಿನ ಮ್ಯಾಲ ಆವತ್ತು ಯಾರೂ ಕಲ್ಲು ಇಟ್ಟಿದ್ದಿಲ್ಲ." ಅಮ್ಮನ ಕಲ್ಲನ್ನು ನಿನ್ನೆ ಸಂಜೆ ನಾನೇ ಹೊತ್ತು ಅವಳ ಮನೆಗೆ ಇಳಿಸಿ ಬಂದೆ. ನಿನ್ನದು, ನಿನ್ನನ್ನು ಕೇಳದೆ ಕೊಟ್ಟೆ. ಅವಳದು ಕೂಸಿನ ಮೇಲಿಂದ ಏಳುವುದಿಲ್ಲ.