ಪಿಟ್ಟಿಯ ಸರಪಳಿ ಪಾಠ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಇಷ್ಟು ವರ್ಷದ ಮೇಲೆ ನನ್ನ ಅಕ್ಷರ ಕಂಡು ಎದೆ ಧಸಕ್ಕೆನ್ನಿಸಿಕೊಳ್ಳಬೇಡ. ಕೆಟ್ಟ ಸುದ್ದಿ ಏನೂ ಇಲ್ಲ. ಹೆಮ್ಮೆಯ ವಿಷಯವೊಂದು ಹೊಟ್ಟೆಯಲ್ಲಿ ನಿಲ್ಲದೆ ಬಾಯಿಗೆ ಬರುತ್ತಿದೆ. ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ಯೋಚಿಸಿದಾಗಲೆಲ್ಲ ನಿನ್ನ ಮುಖವೇ ಎದುರಿಗೆ ಬಂತು.

ನಮ್ಮ ಪಿಟ್ಟಿ ಈಗ ಆಹಾರ ತಜ್ಞೆ. ಕೆಲಸ ತಾನು ಹುಟ್ಟಿದ ಆಸ್ಪತ್ರೆಯಲ್ಲೇ. ಕೂಸಾಗಿದ್ದಾಗ ಅವಳ ಹಿಮ್ಮಡಿ ಚುಚ್ಚಿ ರಕ್ತ ತೆಗೆದು, ಹಾಲು, ಮೊಟ್ಟೆ, ಕಾಳು ಯಾವುದೂ ಅಳತೆ ಮೀರಕೂಡದು ಅಂದರಲ್ಲ, ಅದೇ ಮಹಡಿ. ಗುರುವಾರ ಅಲ್ಲಿ ಅವಳ ಮೊದಲ ಪಾಠ. ಅದೇ ತೊಂದರೆಯಿರುವ ಕೂಸುಗಳ ಮನೆಯವರಿಗೆ. ‘ಅಮ್ಮ, ನೀನು ಬಂದರೆ ನನಗೆ ನಾಲಿಗೆ ತೊದಲುತ್ತೆ, ಬರಬೇಡ’ ಅಂದಿದ್ದಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ರಜೆ ಹಾಕಿ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೇಬಿಟ್ಟೆ.

ಗೋಡೆಯ ಮೇಲೆ ದೊಡ್ಡ ಚಿತ್ರಪಟ ಇತ್ತು. ಅವಳು ಅದರ ಕಡೆ ತಿರುಗಲೂ ಇಲ್ಲ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ನೀವೆಲ್ಲ ಒಬ್ಬೊಬ್ಬರೂ ಒಂದೊಂದು ಅಮೈನೋ ಆಮ್ಲ ಅಂದುಕೊಳ್ಳಿ ಅಂದಳು. ಒಬ್ಬರ ಬಲಗೈ ಪಕ್ಕದವರ ಎಡಗೈಯನ್ನೇ ಹಿಡಿಯಬೇಕಂತೆ. ಗುರುತಿಲ್ಲದವರ ಕೈ ಹಿಡಿಯುವುದೆಂದರೆ ಸಂಕೋಚ ಅಲ್ಲವೇ? ಒಬ್ಬ ಬಸ್ ಡ್ರೈವರ್ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ. ಇವಳು ಬಿಡಲಿಲ್ಲ. “ಕೈ ಕೊಡಿ ಅಂದೆ ಸಾರ್, ಕೈಕೊಟ್ಟು ಹೋಗಿ ಅನ್ನಲಿಲ್ಲ!” ಇಡೀ ಕೋಣೆ ನಕ್ಕಿತು. ಅವನೂ ನಕ್ಕು ಸಾಲಿಗೆ ಬಂದ.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಎರಡು ಅಮೈನೋ ಆಮ್ಲ ಕೈ ಸೇರಿಸುವಾಗ ಎರಡೂ ತಮ್ಮಲ್ಲಿರುವ ಒಂದೊಂದು ಚೂರು ಬಿಟ್ಟುಕೊಡುತ್ತವಂತೆ. ಬಿಟ್ಟ ಆ ಚೂರುಗಳು ಸೇರಿ ಒಂದು ಕಣ ನೀರಾಗಿ ಹೊರಗೆ ಹೋಗುತ್ತವೆ, ಗಂಟು ಬಿಗಿಯುತ್ತದೆ. ಹೀಗೆ ಒಂದಕ್ಕೊಂದು ಸೇರುತ್ತ ಹೋದರೆ ಉದ್ದದ ಸರಪಳಿ. ಯಾರ ಪಕ್ಕ ಯಾರು ನಿಲ್ಲಬೇಕು ಅನ್ನುವುದನ್ನು ಜೀವಕೋಶ ತನ್ನೊಳಗೆ ಬರೆದಿಟ್ಟ ಅಪ್ಪಣೆ ನೋಡಿಕೊಂಡೇ ಜೋಡಿಸುತ್ತದಂತೆ. ಅಷ್ಟು ಹೊತ್ತಿಗೆ ನಮ್ಮ ಸಾಲು ಕೋಣೆಯಲ್ಲಿ ಹಿಡಿಸದೆ ಮೇಜು ಸುತ್ತಿ, ಕಪಾಟಿಗೆ ತಾಗಿ, ತನ್ನ ಮೇಲೇ ಮಡಿಸಿಕೊಂಡಿತ್ತು. ಅವಳಿಗೆ ಖುಷಿಯೋ ಖುಷಿ. “ನೋಡಿ, ಸರಪಳಿಯೂ ಹೀಗೇ ಮಡಿಸಿಕೊಂಡು ತನ್ನ ಆಕಾರಕ್ಕೆ ಬರುತ್ತೆ. ಆಗಲೇ ಅದು ಕೆಲಸಕ್ಕೆ ಬರೋ ಪ್ರೋಟೀನು. ನಿಮ್ಮ ಮಗುವಿನ ಕೂದಲು, ಸ್ನಾಯು, ಎಲ್ಲದರಲ್ಲೂ ಇರೋದು ಇದೇ.”

ಡ್ರೈವರ್ ಹೆಗಲ ಮೇಲೆ ಕೈಯಿಟ್ಟು, ಇವರ ಹೆಸರು ಫೀನೈಲ್‌ಅಲನಿನ್, ಹಾಲು, ಮೊಟ್ಟೆ, ಕಾಳಿನಿಂದ ಮೈಗೆ ಬರುವವರು ಅಂದಳು. ಇವರು ಇಲ್ಲದಿದ್ದರೆ ಸರಪಳಿ ನಡುವೆಯೇ ನಿಲ್ಲುತ್ತೆ, ಮಗು ಬೆಳೆಯಲ್ಲ. ಹೆಚ್ಚಾದರೆ, ನಮ್ಮಂಥವರ ಮೈಗೆ ಅದನ್ನು ಕರಗಿಸಿಕೊಳ್ಳಲು ಬರಲ್ಲ, ರಕ್ತದಲ್ಲಿ ತುಂಬಿಕೊಂಡು ಮಿದುಳಿಗೆ ಪೆಟ್ಟು. ಅದಕ್ಕೇ ಅಳತೆ.

‘ನಮ್ಮಂಥವರ’ ಅಂದದ್ದು ಎಲ್ಲರ ಕಿವಿಗೂ ಬಿತ್ತು. ಅವರೆಲ್ಲ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎತ್ತರದ ಹುಡುಗಿ, ಮಿಂಚುವ ಕಣ್ಣು, ಪಟಪಟ ಮಾತು. ತಮ್ಮ ಮಗುವೂ ಹೀಗಾಗಬಹುದಾ ಅಂತ ಅಳೆಯುತ್ತಿದ್ದರು. ನನಗೆ ಗೊತ್ತು, ಒಂದು ಕಾಲದಲ್ಲಿ ನಾನೂ ಹಾಗೆ ನೋಡುವುದಕ್ಕೆ ಯಾರಾದರೂ ಸಿಗಲಿ ಅಂತ ಹಂಬಲಿಸಿದವಳೇ.

ಎಲ್ಲರೂ ಮತ್ತೆ ಕುರ್ಚಿಗಳಲ್ಲಿ ಕೂತ ಮೇಲೆ ಮೂಲೆಯಿಂದ ಒಬ್ಬ ಅಜ್ಜಿ ಕೇಳಿದಳು: “ಮಗು ಹಸಿದು ಅಳುತ್ತೆ ಕಣಮ್ಮ. ಒಂದು ಗುಟುಕು ಹೆಚ್ಚಿಗೆ ಹಾಲು ಕುಡಿಸಿದರೆ ಪ್ರಾಣ ಹೋಗುತ್ತಾ?” ದೂರ ಕೂತಿದ್ದ ಅವಳ ಸೊಸೆ ತಲೆ ತಗ್ಗಿಸಿದಳು. ಅವರ ಮನೆಯ ಜಗಳ ಯಾವುದೆಂದು ಯಾರೂ ಹೇಳಬೇಕಿರಲಿಲ್ಲ.

ಪಿಟ್ಟಿ ಅಜ್ಜಿಯ ಮುಂದೆ ಮೊಣಕಾಲೂರಿ ಕೂತಳು. ಒಂದು ಗುಟುಕಿಗೆ ಹೋಗಲ್ಲ ಅಜ್ಜಿ, ಆದರೆ ಪ್ರೀತಿ ದಿನಾ ಒಂದು ಗುಟುಕು ಕೇಳುತ್ತೆ ಅಂದಳು. ಆಮೇಲೆ ನಿನ್ನ ಮಾತು ಎತ್ತಿದಳು, ಅಕ್ಕ. ನನ್ನ ದೊಡ್ಡಮ್ಮ ಹಾಗೇ ಕುಡಿಸುತ್ತಿದ್ದಳು, ನನ್ನ ರಕ್ತ ಯಾಕೆ ಕೆಡುತ್ತಿದೆ ಅಂತ ತಿಂಗಳುಗಟ್ಟಲೆ ಯಾರಿಗೂ ತಿಳಿಯಲಿಲ್ಲ, ಗೊತ್ತಾದ ದಿನ ಮನೆಯೇ ಎರಡಾಯಿತು ಅಂದಳು. ನಾನು ನೆಲ ನೋಡುತ್ತ ಕೂತೆ. “ಅವಳ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಹಾಲು ಬೇಡ ಅಂತ ಎಲ್ಲರೂ ಅವಳಿಗೆ ಹೇಳಿದರು. ಯಾಕೆ ಅಂತ ಒಬ್ಬರೂ ಹೀಗೆ ಕೂತು ಹೇಳಲಿಲ್ಲ. ಅದಕ್ಕೇ ನಾನು ಈ ಕೆಲಸಕ್ಕೆ ಸೇರಿದ್ದು.”

ಅಜ್ಜಿ ಕಣ್ಣೊರೆಸಿಕೊಂಡು, ಎಷ್ಟು ಅಂತ ತೋರಿಸಿಕೊಡು, ನಾನೇ ಅಳೆದು ಕುಡಿಸುತ್ತೀನಿ ಅಂದಳು. ಸೊಸೆ ಎದ್ದು ಬಂದು ಅತ್ತೆಯ ಪಕ್ಕ ಕೂತಳು. ಹೊರಗೆ ಬರುವಾಗ ಡ್ರೈವರ್, ಈ ಮೇಡಮ್ಮನ್ನ ಹೆತ್ತವರು ಪುಣ್ಯ ಮಾಡಿದ್ದರು ಅಂತ ತನ್ನಷ್ಟಕ್ಕೆ ಅಂದ. ನಾನೇ ಕಣಪ್ಪ ಅಂದೆ. ಕಾರಿಡಾರಿನ ಆ ತುದಿಯ ನರ್ಸ್ ಕೂಡ ತಿರುಗಿ ನೋಡಿದಳು. ನೋಡಲಿ!

ಆದರೆ ಮನೆಗೆ ಬಂದಮೇಲೆ ಅನ್ನಿಸಿತು, ಆ ಹೊಗಳಿಕೆಯಲ್ಲಿ ನಿನ್ನ ಪಾಲೂ ಇದೆ. ಹಗಲೆಲ್ಲ ಎತ್ತಿ ಆಡಿಸಿದವಳು, ಅವಳಿಗೆ ಮಾತು ಕಲಿಸಿದವಳು ನೀನು.

ಹೆಮ್ಮೆ ಹಂಚಿಕೊಂಡು ಹಗುರಾದ
ನಿನ್ನ ತಂಗಿ

ತಾ.ಕ.: ಮುಖ್ಯ ಸಂಗತಿ ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದೆ. ಪಿಟ್ಟಿ ಬಸುರಿ. ಅವಳ ರಕ್ತ ಕೆಟ್ಟರೆ ಒಳಗಿನ ಕೂಸಿಗೆ ಕಷ್ಟ, ಹೆರಿಗೆಯವರೆಗೂ ಪ್ರತಿ ಊಟವೂ ತೂಗಿಯೇ ಆಗಬೇಕು. ಈಗಿನವರೆಗೆ ಎಲ್ಲ ಸರಿಯಾಗಿದೆ. ಕೆಲಸ ಬಿಟ್ಟು ನಾನೇ ಅಡುಗೆ ಮಾಡುತ್ತೇನೆ ಅಂದದ್ದಕ್ಕೆ ಬೇಡ ಅಂದಳು. ತಕ್ಕಡಿ ದೊಡ್ಡಮ್ಮನ ಕೈಗೇ ಕೊಡಬೇಕಂತೆ. ಬರುತ್ತೀಯಾ?