ಒಂದು ಹುಳುವೂ ಇಲ್ಲದ ಹುಳುಮನೆಯಲ್ಲಿ ನನ್ನ ಮಗಳು ಮಾಡುತ್ತಿದ್ದ ಕೆಲಸ

ಕಾರ್ಮಿಕರ ಕಾಯಿಲೆ ರಜೆಗೆ ಸಹಿ ಹಾಕುವ ಮಾನ್ಯರೇ,

ನನ್ನ ಮಗಳು ಸೌಜನ್ಯ ರೇಷ್ಮೆಹುಳು ಸಾಕುತ್ತಿದ್ದಾಳೆ, ಆದ್ದರಿಂದ ಆರೋಗ್ಯವಾಗಿದ್ದಾಳೆ, ಆದ್ದರಿಂದ ಸೋಮವಾರ ರಾತ್ರಿ ಪಾಳಿಗೆ ಹಾಜರಾಗಬೇಕು ಎಂದು ತಾವು ಆದೇಶ ಹೊರಡಿಸಿದ್ದೀರಿ. ತಮ್ಮ ಪರಿಶೀಲಕರು ಬಂದು ನೋಡಿದ ದಿನ ನಮ್ಮ ಹುಳುಮನೆಯಲ್ಲಿ ಒಂದು ಹುಳುವೂ ಇರಲಿಲ್ಲ. ದಿಬ್ಬೂರಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ತಲೆಯ ಮೇಲೆ ಹೊತ್ತು ಮಾರಿ, ಆಮೇಲೆ ಸ್ವಂತ ಹುಳುಮನೆ ಕಟ್ಟಿಕೊಂಡವನು ನಾನು. ಹುಳುವಿಲ್ಲದೆ ಹುಳು ಸಾಕುವ ವಿದ್ಯೆ ನನಗಿನ್ನೂ ಕೈ ಹತ್ತಿಲ್ಲ. ತಮ್ಮ ಇಲಾಖೆಗೆ ಹತ್ತಿದ್ದರೆ ದಯವಿಟ್ಟು ಒಂದು ತರಬೇತಿ ಶಿಬಿರ ಏರ್ಪಡಿಸಿ.

ನಡೆದದ್ದು ಇಷ್ಟು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ದುಡಿಯುವ ಸೌಜನ್ಯಳಿಗೆ ಮೂತ್ರಪಿಂಡದ ಸೋಂಕು ರಕ್ತಕ್ಕೇರಿ, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದ್ದರು. ಬದುಕಿದಳು. ಮನೆಗೆ ಬಂದ ಮೇಲೆ ಎದೆಗೆ ಕಫ, ಬಾಯಿಗೆ ಹುಣ್ಣು, ಮತ್ತೆ ಜ್ವರ. ಡಾಕ್ಟರಮ್ಮ ತನುಜ ಕೂರಿಸಿಕೊಂಡು ಹೇಳಿದರು: "ನೋಡಿ ಯಜಮಾನ್ರೇ, ಮೈಯನ್ನ ಕಾಯೋ ಪಡೆಗೂ ನರಗಳಿಗೂ ಸದಾ ಮಾತುಕತೆ ಇರುತ್ತೆ. ಮಿದುಳಿಂದ ಹೊಟ್ಟೆವರ್ಗೂ ಇಳಿದಿರೋ ಒಂದು ನರ, ಪಡೆ ಮಿತಿಮೀರಿದ್ರೆ 'ಸಾಕು ನಿಲ್ಸಿ' ಅನ್ನುತ್ತೆ. ಇಷ್ಟು ದೊಡ್ಡ ಸೋಂಕಾದ ಮೇಲೆ ಆ ಮಾತುಕತೆ ಹದ ತಪ್ಪಬಹುದು, ಪಡೆ ಮಂಕಾಗಿ ಕೂತ್ಬಿಡಬಹುದು. ಇದ್ರಲ್ಲಿ ನಮಗೂ ಎಲ್ಲಾ ಗೊತ್ತಿಲ್ಲ. ಆದ್ರೆ ನಿದ್ದೆಗೆಟ್ರೆ, ದಿಗಿಲುಬಿದ್ರೆ ಇನ್ನೂ ಕೆಡುತ್ತೆ. ರಾತ್ರಿ ನಿದ್ದೆ ಬೇಕು, ಜನ ಸೇರಬಾರದು. ಇನ್ನೊಂದು ಸೋಂಕು ಬಂದ್ರೆ ಮೈ ತಡೆಯಲ್ಲ."

ಇದನ್ನೇ ಬರೆಸಿಕೊಂಡು ರಜೆ ಕೇಳಲು ತಮ್ಮ ಕಚೇರಿಗೆ ಬಂದೆ. ಅಲ್ಲಿ ಸೋಂಕಿಗೊಂದು ಮೇಜು, ನರಕ್ಕೊಂದು ಮೇಜು. ಸೋಂಕಿನ ಮೇಜಿನವರು, "ಸೋಂಕು ಹೋಗೈತಲ್ಲ, ನರದ್ದು ಅಂದ್ರೆ ಆ ಕಡೆ" ಎಂದರು. ಆ ಕಡೆಯವರು, "ಸ್ಕ್ಯಾನಲ್ಲಿ ನರ ಚೆನ್ನಾಗೈತೆ, ಸೋಂಕಿನ ತರುವಾಯದ್ದು ಅಂದ್ರೆ ಈ ಕಡೆ" ಎಂದರು. ಎರಡೂ ಮೇಜಿಗೆ ಒಂದೇ ಫ್ಯಾನು. ಮಿದುಳಿನಿಂದ ಹೊಟ್ಟೆಗೆ ತಂತಿ ಎಳೆದಿಟ್ಟ ದೇವರು ಈ ಮೇಜಿನಿಂದ ಆ ಮೇಜಿಗೆ ಎಳೆಯುವುದನ್ನು ಏಕೆ ಮರೆತ? ಕೊನೆಗೆ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು: ಸ್ಥಳ ಪರಿಶೀಲನೆ.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಒಪ್ಪುತ್ತೇನೆ. ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಶುದ್ಧವಾದ ಜಾಗ ಹುಳುಮನೆ. ಕಿಟಕಿಗೆ ಬಲೆ, ಬಾಗಿಲಲ್ಲಿ ಸುಣ್ಣ, ಹೊರಗಿನವರಿಗೆ ಪ್ರವೇಶವಿಲ್ಲ. ನೆಂಟರಾದರೂ ಸರಿ, ಹೊರಗೇ ನಿಲ್ಲಬೇಕು. ಹುಳುವಿಗೆ ರೋಗ ತಗಲದಂತೆ ಇಷ್ಟು ಮಾಡುವವರು ಮಗಳಿಗೆ ಮಾಡಬಾರದೇ? ಆ ಸಲದ ಹುಳುವಿನ ಬೆಳೆ ಬಿಟ್ಟೆವು. ಹುಳುಮನೆ ತೊಳೆದು, ಔಷಧಿಯ ವಾಸನೆ ಹೋಗುವ ತನಕ ಒಣಗಿಸಿ, ಹುಳು ಸಾಕುವ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನಲ್ಲಿ ಹಾಸಿಗೆ ಹಾಸಿ ಅವಳನ್ನು ಮಲಗಿಸಿದೆವು. ಕೆಮ್ಮು ತಗ್ಗಿತು. ನಿದ್ದೆ ಹತ್ತಿತು.

ತಮ್ಮ ಪರಿಶೀಲಕರು ಬಂದರು, ಕೆಮ್ಮುತ್ತಲೇ ಬಂದರು. ನನ್ನ ಹೆಂಡತಿ ಓಬಳಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸುಣ್ಣದಲ್ಲಿ ಕಾಲಿಟ್ಟು, ಬಾಯಿಗೆ ಬಟ್ಟೆ ಕಟ್ಕಂಡು ಬನ್ನಿ ಸಾರ್."

"ನಾನೇನು ಹುಳನೇನಮ್ಮ?"

"ಹುಳ ಆಗಿದ್ರೆ ವಾಸಿ ಇತ್ತು ಸಾರ್, ಹಿಂಗೆ ಕೆಮ್ತಿರ್ಲಿಲ್ಲ."

ಅವರು ಕೆಂಪಾಗಿ, ಸುಣ್ಣ ದಾಟಿ, ಚಪ್ಪಲಿ ಸಮೇತ ಒಳಗೆ ನುಗ್ಗಿ ಮಗಳನ್ನು ಕೇಳಿದರು: "ಏನಮ್ಮ, ಏನ್ಮಾಡ್ತಿದ್ದೀಯ?"

"ಮಲ್ಗಿದ್ದೀನಿ ಸಾರ್."

ವರದಿಯಲ್ಲಿ ಅವರು ಬರೆದದ್ದು: "ಅರ್ಜಿದಾರರು ರೇಷ್ಮೆ ಸಾಕಣೆ ಕೊಠಡಿಯಲ್ಲಿ ಕಂಡುಬಂದಿರುತ್ತಾರೆ. ಕೆಲಸದ ನಡುವೆ ವಿಶ್ರಾಂತಿ ಪಡೆಯುತ್ತಿದ್ದರು." ಮಾನ್ಯರೇ, ಯಾವ ಕೆಲಸದ ನಡುವೆ? ಹುಳುವಿನ ಜಾಗದಲ್ಲಿ ಮಲಗಿದ್ದವಳೇ ಅವಳು. ಅಡುಗೆಮನೆಯಲ್ಲಿ ಮಲಗಿಸಿದ್ದರೆ ಹೋಟೆಲು ನಡೆಸುತ್ತಿದ್ದಾಳೆ ಎನ್ನುತ್ತಿದ್ದಿರೋ? ದೇವರ ಕೋಣೆಯಲ್ಲಾದರೆ ಅರ್ಚಕಿಯೋ?

ತಮ್ಮ ಆದೇಶ ಮೊನ್ನೆ ತಲುಪಿತು. ಓದಿದ ಮೇಲೆ ಅವಳು ಕಣ್ಣು ಮುಚ್ಚಿಲ್ಲ. "ಹೋಗ್ತೀನಪ್ಪ, ಕೆಲ್ಸ ಹೋದ್ರೆ ಇನ್ಯಾರು ಕೊಡ್ತಾರೆ?" ಎಂದು ಕೈ ಹಿಸುಕಿಕೊಳ್ಳುತ್ತಾಳೆ. ಇಂದು ಬೆಳಿಗ್ಗೆ ಮೈ ಬಿಸಿಯಾಗಿದೆ. ಕೆಮ್ಮಿದ ಪರಿಶೀಲಕರ ಪಾಲೆಷ್ಟು, ಕಾಗದದ ಪಾಲೆಷ್ಟು ಎಂದು ಹಂಚಿ ಹೇಳುವಷ್ಟು ಓದಿದವನಲ್ಲ ನಾನು. ಆದರೆ ತಲೆಗೆ ಹೊಕ್ಕ ದಿಗಿಲು ಮೈಯ ಕಾವಲನ್ನು ಕೆಡಿಸಬಲ್ಲದು ಎಂಬ ಡಾಕ್ಟರಮ್ಮನ ಮಾತನ್ನು ತಮ್ಮ ಎರಡೂ ಮೇಜುಗಳು ನಂಬಲಿಲ್ಲ. ಅದನ್ನು ಪರೀಕ್ಷಿಸಲು ಆದೇಶಕ್ಕೆ ಸಹಿ ಹಾಕಿದ ಮೂರನೆಯ ಮೇಜು ನನ್ನ ಮಗಳನ್ನೇ ಆರಿಸಿಕೊಂಡಂತಿದೆ.

ನನ್ನ ಬೇಡಿಕೆ ಚಿಕ್ಕದು. ಆ ಆದೇಶ ಹಿಂಪಡೆಯಿರಿ. ಡಾಕ್ಟರು ಸಾಕೆನ್ನುವ ತನಕ ರಜೆ ಕೊಡಿ, ಆಮೇಲೆ ಹಗಲು ಪಾಳಿ ಕೊಡಿಸಿ. ಅನುಮಾನವಿದ್ದರೆ ತಾವೇ ಬನ್ನಿ. ಕಿಟಕಿಯ ಬಲೆಯಾಚೆ ನಿಂತು ನೋಡಿ, ಕಾಫಿ ಅಲ್ಲಿಗೇ ಕಳುಹಿಸುತ್ತೇನೆ. ಇದಾವುದೂ ಆಗದಿದ್ದರೆ ಸೋಮವಾರ ಅವಳ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆದುಕೊಳ್ಳಿ. ನಾನು ಕಳಿಸುವುದಿಲ್ಲ. ಅವಳು ತಮ್ಮ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ನಮ್ಮ ಮನೆಯಲ್ಲಿ ಇರಲಿ.

ಇಂತಿ,
ಈ ಬೆಳೆಗೆ ಒಂದೇ ಒಂದು ಜೀವವನ್ನು ಸಾಕುತ್ತಿರುವ,
ಮುನಿಶಾಮಪ್ಪ
ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು