ಬಾಗಿದ ಸರಳಿನ ಫೋಟೊ ಮತ್ತು ರುಬೀನಾಳ ಬೆನ್ನು

ಬಡವರ ಶಸ್ತ್ರಚಿಕಿತ್ಸೆಗಳಿಗೆ ಪೂರ್ವಾನುಮತಿ ನೀಡುವ ಅಧಿಕಾರಿಗಳೇ, ಮಾನ್ಯರೇ,

ನನ್ನ ತಂಗಿಯ ಮಗಳು ರುಬೀನಾಳ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ನಿಮ್ಮ ಕಚೇರಿ ಮೂರನೆಯ ಬಾರಿ ಅನುಮತಿ ನಿರಾಕರಿಸಿದೆ. ಮೊದಲ ಸಲ, ಬೆನ್ನಿಗೆ ಅಳವಡಿಸುವ ಸರಳು ಬಾಗಿದೆ ಎಂಬ ಕಾರಣಕ್ಕೆ. ಎರಡನೆಯ ಸಲ, ಅದೇ ಸರಳು ನೆಟ್ಟಗಿದೆ ಎಂಬ ಕಾರಣಕ್ಕೆ. ಮೂರನೆಯ ಕಾರಣ ಇವೆರಡನ್ನೂ ಮೀರಿಸುವಂಥದ್ದು. ಅದನ್ನು ಮುಂದೆ ಬರೆಯುತ್ತೇನೆ. ಈ ನಿರಾಕರಣೆಗಳನ್ನು ಮರುಪರಿಶೀಲಿಸಿ ಎಂದು ಕಳುಹಿಸಿದ ಮನವಿಗಳಿಗೆ ಉತ್ತರ ಬಾರದ ಕಾರಣ ಈ ಪತ್ರವನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ರುಬೀನಾ ಬಸವಕಲ್ಯಾಣದಲ್ಲಿ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ತಿರುಚಿಕೊಂಡಿದೆ. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬಹಳಷ್ಟು ಮಕ್ಕಳಲ್ಲಿ ಈ ಬಾಗು ಅಲ್ಪ ಇರುತ್ತದೆ, ಅದರಿಂದ ತೊಂದರೆಯೂ ಆಗುವುದಿಲ್ಲ. ರುಬೀನಾಳದು ತೊಂಬತ್ತು ಡಿಗ್ರಿ ದಾಟಿದೆ. ಪಕ್ಕೆಲುಬುಗಳು ಒಂದು ಶ್ವಾಸಕೋಶವನ್ನು ಒತ್ತುತ್ತಿವೆ. ಶಾಲೆಯ ಮಹಡಿ ಹತ್ತುವಾಗ ಅವಳು ನಡುವೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಉಸಿರು ತೆಗೆದುಕೊಳ್ಳುತ್ತಾಳೆ. ಗೆಳತಿಯರಿಗೆ ಗೊತ್ತಾಗಬಾರದು ಎಂದು ಅವಳೇ ಹುಡುಕಿಕೊಂಡ ಉಪಾಯ ಅದು.

ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಮೂಳೆಯ ಮಣಿಗಳಿಗೆ ತಿರುಪು ಹಾಕಿ, ಗಟ್ಟಿಯಾದ ಲೋಹದ ಸರಳಿಗೆ ಬೆನ್ನನ್ನು ಎಳೆದು ಕೂಡಿಸುತ್ತಾರೆ. ಇಷ್ಟು ಬಾಗಿದ, ಬಿಗಿಯಾದ ಬೆನ್ನನ್ನು ಒಂದೇ ಸಲ ಬಲವಾಗಿ ಎಳೆದರೆ ತಿರುಪು ಕಿತ್ತು ಬರಬಹುದು, ನರಗಳಿಗೆ ಪೆಟ್ಟಾಗಬಹುದು ಎಂದು ಶಸ್ತ್ರವೈದ್ಯ ಡಾ. ಅಂಬರೀಷ ಹೇಳಿದರು. ಅವರು ಸೂಚಿಸಿದ್ದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಒಂದು ಲೋಹದ ಸರಳನ್ನು. ಮೊದಲೇ ಕೊಟ್ಟ ಆಕಾರವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ತಣ್ಣಗಿದ್ದಾಗ ಬೆನ್ನಿನ ಬಾಗಿಗೆ ತಕ್ಕಂತೆ ಬಾಗಿಸಿ ಕೂಡಿಸಿದರೆ, ಮೈಯ ಬಿಸಿಗೆ ನೆಟ್ಟಗಾಗುತ್ತ ಬೆನ್ನನ್ನೂ ಎಳೆಯುತ್ತದೆ. ನನಗೆ ನಂಬಿಕೆ ಬರಲಿಲ್ಲ. ಅವರು ಮಂಜುಗಡ್ಡೆಯ ನೀರಿನ ತಟ್ಟೆ ತರಿಸಿದರು. ಅದರಲ್ಲಿ ಅದ್ದಿದ ಸರಳನ್ನು ಬರಿಗೈಯಿಂದ ಬಾಗಿಸಿ ತೋರಿಸಿದರು. ಆಮೇಲೆ ಬಿಸಿನೀರು ಸುರಿದರು. ನಾವು ನೋಡುತ್ತಿದ್ದಂತೆಯೇ ಸರಳು ಮೆಲ್ಲಗೆ ನೆಟ್ಟಗಾಯಿತು.

ತಂಗಿ ಸರ್ವರಿ ಹೆದರಿದಳು. "ಡಾಕ್ಟರ್ ಸಾಹೇಬ್ರ, ಒಳಗ ಹೋಗಿ ಹಿಂಗ ಸೆಟದು ನಿಂತ್ರ ನನ್ನ ಮಗಳ ಗತಿ ಏನ್ರಿ?"

"ಅದು ಜಗ್ಗೋದು ಸಾವಕಾಶ ಅದವ್ವ," ಎಂದರು ಅವರು. "ಅದು ಜಗ್ಗೋವಾಗ ನಾವು ನರದ ಮ್ಯಾಲ ಮಶೀನ್ ಹಚ್ಚಿ ನೋಡ್ಕೋತ ಇರ್ತೀವಿ. ಬೇಕಾದಷ್ಟು ನೆಟ್ಟಗಾದ ಕೂಡ್ಲೇ ಇದನ್ನ ತಗದು, ಕಾಯಂ ಇರೋ ಗಟ್ಟಿ ರಾಡ್ ಹಾಕ್ತೀವಿ. ಎಲ್ಲಾ ಒಂದೇ ಆಪರೇಷನ್‌ದಾಗ."

ರುಬೀನಾ ನನ್ನ ತೋಳು ಹಿಡಿದು, "ಮಾಮು, ಈ ರಾಡಿನ ನೆನಪು ನಿಮಕಿಂತ ಛಲೋ ಅದ. ನೀವು ನನ್ನ ಹುಟ್ಟಿದ ದಿನಾನ ಮರೀತೀರಿ," ಎಂದಳು. ಆಸ್ಪತ್ರೆಯ ಅಲೆದಾಟ ಶುರುವಾದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅಂದೇ.

ಇನ್ನು ನಿಮ್ಮ ಕಚೇರಿಯ ವಿಷಯಕ್ಕೆ ಬರುತ್ತೇನೆ. ಸರಳು ತಣ್ಣಗಿದ್ದಾಗ ಬಾಗಿದ್ದು, ಬಿಸಿಯಾದಾಗ ನೆಟ್ಟಗಾದದ್ದು, ಹೀಗೆ ಎರಡು ಫೋಟೊಗಳನ್ನು ಆಸ್ಪತ್ರೆಯವರು ಅರ್ಜಿಯೊಂದಿಗೆ ಸಿದ್ಧಪಡಿಸಿದ್ದರು. ನಿಮ್ಮ ಜಾಲತಾಣ ಒಂದು ಸಾಮಗ್ರಿಗೆ ಒಂದೇ ಫೋಟೊ ಸ್ವೀಕರಿಸುತ್ತದೆ. ಹಾಗಾಗಿ ಬಾಗಿದ ಸರಳಿನ ಫೋಟೊ ಮಾತ್ರ ಹೋಯಿತು. 'ಸಾಮಗ್ರಿ ದೋಷಪೂರಿತ, ಬಾಗಿದೆ' ಎಂಬ ಷರಾದೊಂದಿಗೆ ಅರ್ಜಿ ಮರಳಿ ಬಂತು. ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಅಂದು ಮಾತಾಡಿದ ಸಿಬ್ಬಂದಿ ನಮ್ಮ ಕಡೆಯವರೇ, ಮಾತಿನಲ್ಲಿ ಸೌಜನ್ಯವೂ ಇತ್ತು.

"ಸರ್, ರಾಡ್ ಡೊಂಕ ಕಾಣ್ಸಾಕತ್ತದಲ್ರಿ. ಡೊಂಕ ಮಾಲಿಗೆ ಮಂಜೂರಿ ಹ್ಯಾಂಗ ಕೊಡೋದ್ರಿ?"

"ಥಂಡ ನೀರಿನಾಗ ಇಟ್ಟು ಬಗ್ಗಿಸ್ಯಾರ್ರಿ. ಮೈಯಾಗ ಹೋಗಿ ಬಿಸಿ ಆದ ಮ್ಯಾಲ ನೆಟ್ಟಗಾಗ್ತದ."

"ಹಂಗಾರ ಮೈಯಾಗ ಹೋಗಿ ನೆಟ್ಟಗಾದ ಮ್ಯಾಲ ಫೋಟೊ ತಗದು ಕಳಸ್ರಿ."

"ಆವಾಗ ಅದು ಹುಡುಗಿ ಬೆನ್ನಿನಾಗ ಇರ್ತದಲ್ರಿ!"

"ಅದು ನಿಮಗ ಬಿಟ್ಟಿದ್ದು ನೋಡ್ರಿ, ಸರ್."

ಆಸ್ಪತ್ರೆಯವರು ಬಿಸಿನೀರಿನಲ್ಲಿ ನೆಟ್ಟಗಾದ ಸರಳಿನ ಎರಡನೆಯ ಫೋಟೊ ಕಳುಹಿಸಿದರು. ಅದಕ್ಕೆ ಬಂದ ಉತ್ತರ ಹೀಗಿತ್ತು: 'ಹಿಂದಿನ ಚಿತ್ರದ ಸಾಮಗ್ರಿಗೂ ಇದಕ್ಕೂ ಆಕಾರ ಹೊಂದುತ್ತಿಲ್ಲ. ಸಾಮಗ್ರಿ ಬದಲಾಯಿಸಿರುವ ಸಂಶಯವಿದೆ.' ಮಾನ್ಯರೇ, ಆಕಾರ ಬದಲಾಗುವುದೇ ಆ ಲೋಹದ ಗುಣ. ಅದಕ್ಕಾಗಿಯೇ ಅದನ್ನು ಕೇಳಿದ್ದು. ವೈದ್ಯರ ವಿವರಣೆ ಅರ್ಜಿಯ ಜೊತೆಗೇ ಇತ್ತು. ಅದನ್ನು ಯಾರಾದರೂ ಓದಿದ್ದಾರೆಯೇ? ಓದಿಯೂ ಹೀಗೆ ಬರೆದಿದ್ದರೆ, ಆ ಮಹನೀಯರು ಯಾವ ವಿಷಯದ ತಜ್ಞರು?

ಮೂರನೆಯ ಉತ್ತರದಲ್ಲಿ, ಒಬ್ಬ ರೋಗಿಗೆ ಆಮೇಲೆ ತೆಗೆಯುವುದೊಂದು, ಕಾಯಂ ಇರುವುದೊಂದು ಎಂದು ಎರಡು ಜೊತೆ ಸರಳು ಕೇಳಿರುವುದು ನಿಯಮಬಾಹಿರ ಎಂದಿದ್ದೀರಿ. 'ತೆಗೆಯುವ ಸರಳನ್ನು ಹಾಕುವ ಅಗತ್ಯವೇನು?' ಎಂದೂ ಕೇಳಿದ್ದೀರಿ. ಮನೆಗೆ ಛತ್ತು ಹಾಕುವವರು ಕೆಳಗೆ ಸೆಂಟ್ರಿಂಗ್ ಕಟ್ಟುತ್ತಾರೆ, ಛತ್ತು ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ನಿಮ್ಮ ಕಚೇರಿಯ ಕಟ್ಟಡಕ್ಕೂ ಹಾಗೆಯೇ ಕಟ್ಟಿ ಬಿಚ್ಚಿರಬೇಕು. ಬಿಚ್ಚುವುದಾದರೆ ಕಟ್ಟಿದ್ದೇಕೆ ಎಂದು ಗುತ್ತಿಗೆದಾರನ ಬಿಲ್ಲನ್ನು ನೀವು ತಡೆದಿದ್ದಿರಾ? ಇಲ್ಲವೆಂದರೆ, ಕಾಂಕ್ರೀಟಿಗೆ ಸಿಕ್ಕ ತಿಳಿವಳಿಕೆ ಒಂದು ಹುಡುಗಿಯ ಬೆನ್ನಿಗೆ ಏಕೆ ಸಿಗಬಾರದು?

ಅದೇ ಉತ್ತರದ ಕೊನೆಯಲ್ಲಿ ಇನ್ನೊಂದು ಸಾಲು ಇದೆ: 'ರೋಗ ಈ ಹಂತ ತಲುಪುವವರೆಗೆ ಪಾಲಕರು ನಿರ್ಲಕ್ಷಿಸಿದ್ದೇಕೆ? ವಿವರಣೆ ನೀಡಿ.' ಈ ಸಾಲನ್ನು ಸರ್ವರಿಗೆ ಓದಿ ಹೇಳಬಾರದೆಂದಿದ್ದೆ. ಅವಳೇ ಒತ್ತಾಯಿಸಿ ಕೇಳಿಸಿಕೊಂಡಳು. ವಿವರಣೆಯನ್ನು ಇಲ್ಲಿಯೇ ಬರೆಯಿರಿ ಎಂದವಳೂ ಅವಳೇ.

ಸರ್ವರಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಾಳೆ. ಹುಲಸೂರ, ಮಂಠಾಳದಿಂದ ಮದುವೆಯ ಬಟ್ಟೆಗಳು ಅವಳಲ್ಲಿಗೆ ಬರುತ್ತವೆ. ಮಗಳ ಬಲಭುಜ ತುಸು ಮೇಲೆದ್ದಿದ್ದನ್ನು ಅವಳು ಮೊದಲು ಗಮನಿಸಿದ್ದು ಶಾಲೆಯ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ. ಚೀಲದ ಭಾರಕ್ಕೆ ಹಾಗಾಗಿದೆ ಎಂದುಕೊಂಡಳು. ಅಷ್ಟರಲ್ಲಿ ನೆರೆಮನೆಯ ಉಮಾದೇವಿ, "ಏನ ಸರ್ವರಿ, ಮಗಳು ಒಂದ ಬಾಜು ವಾಲಾಕತ್ತಾಳಲ್ಲ, ದಿನಾ ಕೊಡ ಹೊರಸ್ತಿಯೇನ?" ಎಂದು ನಾಲ್ಕು ಜನರ ಮುಂದೆ ಕೇಳಿದರು. ಅಂದಿನಿಂದ ಸರ್ವರಿ ಮಗಳ ಕಮೀಜನ್ನು ಬೇರೆ ರೀತಿ ಕತ್ತರಿಸತೊಡಗಿದಳು. ಬಲಗಡೆ ಹೊಲಿಗೆ ಇಳಿಸಿದಳು, ಎಡಭುಜದ ಒಳಗೆ ತೆಳ್ಳಗೆ ಹತ್ತಿ ಇಟ್ಟಳು. ಬಾಗು ಹೆಚ್ಚಿದಂತೆ ಹತ್ತಿಯೂ ಹೆಚ್ಚಿತು. ಕೈಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಉಮಾದೇವಿಯವರ ಬಾಯಿಯೂ ಮುಚ್ಚಿತು, ಶಾಲೆಗೆ ಆರೋಗ್ಯ ತಪಾಸಣೆಗೆ ಬಂದವರೂ ಸಮವಸ್ತ್ರದ ಮೇಲೆಯೇ ನೋಡಿ 'ಸಾಮಾನ್ಯ' ಎಂದು ಬರೆದು ಹೋದರು.

"ನಾನು ಬಟ್ಟಿ ನೆಟ್ಟಗ ಮಾಡಕೋತ ಹೋದೆ ಭಾಯಿ, ಬೆನ್ನು ನೋಡಲಿಲ್ಲ," ಎಂದು ತಂಗಿ ಇಂದಿಗೂ ಅಳುತ್ತಾಳೆ. ಇದು ನಿರ್ಲಕ್ಷ್ಯ ಎನ್ನುವುದಾದರೆ ಎನ್ನಿ. ಮಗಳನ್ನು ಯಾರೂ ಆಡಿಕೊಳ್ಳಬಾರದು ಎಂದು ರಾತ್ರಿ ಹಗಲು ಹೊಲಿದವಳಿಗೆ ಆ ಪದ ಎಷ್ಟು ಸರಿ ಎಂಬುದನ್ನು ಓದುಗರು ನಿರ್ಧರಿಸಲಿ. ಒಂದಂತೂ ನಿಜ: ತನ್ನ ತಪ್ಪು ಗೊತ್ತಾದ ದಿನವೇ ಅವಳು ಆಸ್ಪತ್ರೆಗೆ ಓಡಿದಳು.

ಹೊಸ ವಿಧಾನದ ಬಗ್ಗೆ ಸರ್ಕಾರ ಎಚ್ಚರ ವಹಿಸುವುದು ತಪ್ಪಲ್ಲ. ಈ ಸರಳು ಪವಾಡವಲ್ಲ. ಇದರಿಂದ ಬೆನ್ನು ಪೂರ್ತಿ ನೆಟ್ಟಗಾಗುವುದಿಲ್ಲ, ಅಪಾಯ ಇಲ್ಲವೆಂದೂ ಅಲ್ಲ. ಕೆಲವರ ಮೈಗೆ ನಿಕ್ಕಲ್ ಒಗ್ಗುವುದಿಲ್ಲ. ಇದನ್ನೆಲ್ಲ ಡಾ. ಅಂಬರೀಷ ನಮಗೆ ಮೊದಲೇ ಹೇಳಿದ್ದಾರೆ. ಈ ಆಧಾರದ ಮೇಲೆ ನೀವು ಬೇಡವೆಂದಿದ್ದರೆ ನಾನು ವಾದಿಸುತ್ತಿದ್ದೆ, ಆದರೆ ಗೌರವಿಸುತ್ತಿದ್ದೆ. ನಿಮ್ಮ ಮೂರು ಉತ್ತರಗಳಲ್ಲಿ ಶ್ವಾಸಕೋಶ ಎಂಬ ಪದವಿಲ್ಲ. ನರ ಎಂಬ ಪದವೂ ಇಲ್ಲ. ಇರುವುದು ಫೋಟೊ, ಆಕಾರ, ಜೊತೆ.

ಈ ನಡುವೆ ರುಬೀನಾಳ ಉಸಿರಿನ ಸಾಮರ್ಥ್ಯ ಪ್ರತಿ ಪರೀಕ್ಷೆಯಲ್ಲೂ ಕಡಿಮೆಯಾಗುತ್ತಿದೆ. ಇನ್ನಷ್ಟು ಇಳಿದರೆ ಅರಿವಳಿಕೆ ಕೊಡುವುದೇ ಅಪಾಯ, ಆಗ ಹಳೆಯ ಸರಳೂ ಇಲ್ಲ, ಹೊಸ ಸರಳೂ ಇಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಆ ದಿನ ಬಂದರೆ ನಿಮಗೆ ನಾಲ್ಕನೆಯ ಉತ್ತರ ಬರೆಯುವ ಶ್ರಮ ಇರುವುದಿಲ್ಲ. 'ರೋಗಿ ಶಸ್ತ್ರಚಿಕಿತ್ಸೆಗೆ ಅರ್ಹಳಲ್ಲ' ಎಂದು ಕಡತ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಿಯಮದ ಪ್ರಕಾರ ಯಾರದೂ ತಪ್ಪಿರುವುದಿಲ್ಲ.

ನಾನು ಕೇಳುವುದು ಇಷ್ಟೇ. ರುಬೀನಾಳ ಎಕ್ಸ್-ರೇಯನ್ನು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿ ಬಲ್ಲ ಒಬ್ಬ ವೈದ್ಯರ ಮುಂದೆ ಈ ವಾರವೇ ಇಡಿ. ಅವರು ಡಾ. ಅಂಬರೀಷರೊಂದಿಗೆ ಮಾತಾಡಲಿ. ಆಮೇಲೆ ಅನುಮತಿ ಕೊಡಿ. ಕೊಡುವುದಿಲ್ಲ ಎಂದಾದರೆ ವೈದ್ಯಕೀಯ ಕಾರಣವನ್ನು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ಸಹಿ ಮಾಡಿ. ಅದನ್ನು ಅಂಚೆಯಲ್ಲಿ ಕಳುಹಿಸಬೇಡಿ. ಬಸವಕಲ್ಯಾಣಕ್ಕೆ ಬಂದು ರುಬೀನಾಳ ಕೈಗೇ ಕೊಡಿ. ಹದಿನೈದು ವರ್ಷದ ಹುಡುಗಿ, ಓದಲು ಬರುತ್ತದೆ. ಓದಿ ಮುಗಿಸಿ ಅವಳು ಏನು ಕೇಳುತ್ತಾಳೋ ಅದಕ್ಕೆ ನೀವೇ ಉತ್ತರ ಹೇಳಿ. ನಮ್ಮಿಂದ ಆಗುತ್ತಿಲ್ಲ.

ಇಂತಿ,
ನಿಮ್ಮ ಯೋಜನೆಯ ಪೂರ್ಣಪುಟದ ಜಾಹೀರಾತನ್ನು ಹುಮನಾಬಾದಿನ ಮನೆಮನೆಗೂ ಮುಟ್ಟಿಸಿದ, ಓದಿ ನಂಬಿದ ಪತ್ರಿಕಾ ವಿತರಕ
ಮುಷರಫ್
ಬಸ್ ನಿಲ್ದಾಣದ ಎದುರು, ಹುಮನಾಬಾದ್